ಉಬೋನಿಗೆ ಒಯ್ದ ಕೆಸರು

ಲಿಂಗಸುಗೂರು

ಥಾಯ್ಲೆಂಡಿಗೆ ಹೊರಟ ಬೆಳಿಗ್ಗೆ ನನ್ನ ಕೈಚೀಲದಲ್ಲಿ ಒಂದು ಕಾಗದವಿತ್ತು. ಬೆಂಕಿಪೊಟ್ಟಣದಷ್ಟು ಅಗಲ, ರಟ್ಟಿನಷ್ಟು ದಪ್ಪ. ಅದರ ಮೇಲೆ ಪೆನ್ಸಿಲ್ಲಿನಲ್ಲಿ ಬರೆದ ಎರಡು ವೃತ್ತ, ಒಂದೊಂದರೊಳಗೂ ಒಣಗಿದ ಒಂದು ಹನಿ. ಬೆಳಕಿಗೆ ಹಿಡಿದರೂ ಏನೂ ಕಾಣುತ್ತಿರಲಿಲ್ಲ. ನನ್ನ ಅಕ್ಕನ ಗಂಡನ ತೊಡೆಯ ಬಾವಿನಿಂದ ತೆಗೆದ ಕೀವಿನಲ್ಲಿ ಬೆಳೆದ ಬ್ಯಾಕ್ಟೀರಿಯಾದ ಡಿಎನ್‌ಎ ಅದು. ಬ್ಯಾಕ್ಟೀರಿಯಾವನ್ನು ಕುದಿಸಿ ಕೊಂದಿದ್ದೆ, ಯಾರಿಗೂ ಅಂಟುವಂತಿರಲಿಲ್ಲ. ಅದರ ಹೆಸರು ಮಾತ್ರ ಗೊತ್ತಿರಲಿಲ್ಲ.

ಸಿಂಧನೂರಿನ ಒಂದು ಖಾಸಗಿ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ನಾನು ಕಲ್ಚರ್ ನೋಡುತ್ತೇನೆ. ರೋಗಿಯ ಕೀವು, ರಕ್ತ, ಮೂತ್ರವನ್ನು ತಟ್ಟೆಗೆ ಸವರಿ, ಮರುದಿನ ಏನು ಬೆಳೆದಿದೆಯೆಂದು ನೋಡಿ, ಹೆಸರು ಬರೆದು ಡಾಕ್ಟರಿಗೆ ಕಳಿಸುವ ಕೆಲಸ. ಈಶಾನ್ಯ ಥಾಯ್ಲೆಂಡಿನ ಉಬೋನ್ ಎಂಬ ಊರಿನ ಲ್ಯಾಬೊಂದು ಹತ್ತು ದಿನದ ತರಬೇತಿಗೆ ಕರೆದಿತ್ತು. ನಿಮ್ಮಲ್ಲಿ ಹೆಸರು ಸಿಗದೆ ಉಳಿದ ಒಂದು ಬ್ಯಾಕ್ಟೀರಿಯಾದ ಡಿಎನ್‌ಎ ತನ್ನಿ, ಅದರ ಅಕ್ಷರಗಳನ್ನು ಓದಿ ಗುರುತು ಹಿಡಿಯುವುದನ್ನು ಕಲಿಸುತ್ತೇವೆ ಎಂದು ಬರೆದಿದ್ದರು. ಆ ಪತ್ರ ಬಂದಾಗ ದೂಲಾಭಾಯಿ ಗಟ್ಟಿಯಾಗಿದ್ದರು. ಅಕ್ಕನ ಗಂಡನನ್ನು ನಮ್ಮ ಮನೆಗಳಲ್ಲಿ ಕರೆಯುವುದು ಹಾಗೆ. ಹೊರಡುವ ವಾರ ಅವರು ಹಾಸಿಗೆಯಲ್ಲಿದ್ದರು, ಹೆಸರಿಲ್ಲದ್ದು ಅವರ ಮೈಯೊಳಗೇ ಇತ್ತು.

ಅಮ್ಮಿ ಶೇಂಗಾ ಚಟ್ನಿಪುಡಿಯ ಡಬ್ಬಿಯನ್ನು ಅದೇ ಕೈಚೀಲಕ್ಕೆ ತುರುಕಿದಳು. "ಲೇಕೋ ಜಾ. ಭೂಕೀ ನಕ್ಕೋ ರೆಹ್," ಎಂದಳು. ತಗೊಂಡು ಹೋಗು, ಉಪವಾಸ ಇರಬೇಡ. ಕಾಗದಕ್ಕೆ ಎಣ್ಣೆ ತಗಲೀತೆಂದು ನಾನು ಬಸ್ ನಿಲ್ದಾಣದವರೆಗೂ ಡಬ್ಬಿಯನ್ನು ಕೈಯಲ್ಲೇ ಹಿಡಿದು ನಡೆದೆ.

ಮಸ್ಕಿ

ಮಸ್ಕಿಯಲ್ಲಿ ಮೆಹಬೂಬಿ ಆಪಾ ಬಸ್ಸು ಹತ್ತಿ ನನ್ನ ಪಕ್ಕ ಕೂತಳು. ನನ್ನ ಅಕ್ಕ. ಸಿಂಧನೂರಿನ ಆಸ್ಪತ್ರೆಯಲ್ಲಿದ್ದ ಗಂಡನಿಗೆ ಗಂಜಿ ಒಯ್ಯುತ್ತಿದ್ದಳು.

ದೂಲಾಭಾಯಿ, ಅಂದರೆ ಖಾಜಾ ಹುಸೇನ್, ಎಡದಂಡೆ ಕಾಲುವೆಯ ಒಂದು ಉಪಕಾಲುವೆಗೆ ನೀರಗಂಟಿ. ಯಾವ ಗದ್ದೆಗೆ ಎಷ್ಟು ಹೊತ್ತು ನೀರೆಂದು ಗೇಟು ಎತ್ತಿ ಇಳಿಸುವ ಮನುಷ್ಯ. ಮೂವತ್ತು ವರ್ಷ ಬರಿಗಾಲಲ್ಲಿ ಬದು ತುಳಿದಿದ್ದಾರೆ. ನೀರು ಎಲ್ಲಿ ಸೋರುತ್ತಿದೆಯೆಂದು ಮೊದಲು ತಿಳಿಯುವುದು ಪಾದಕ್ಕೆ ಎನ್ನುತ್ತಾರೆ. ಕಾಲುವೆಯ ಜನರೊಂದಿಗೆ ಬೆರೆತು ಮನೆಯಲ್ಲೂ ಕನ್ನಡವೇ ಹೆಚ್ಚು. ಸಕ್ಕರೆ ಕಾಯಿಲೆ ಹಳೆಯದು. ಎರಡು ತಿಂಗಳ ಹಿಂದೆ ಜ್ವರ ಬಂತು, ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೆ ಒಂದು ಮಚ್ಚೆ ಕಂಡಿತು, ಟಿಬಿ ಮಾತ್ರೆ ಶುರುವಾಯಿತು. ಆಮೇಲೆ ತೊಡೆಯಲ್ಲಿ ಬಾವು.

"ಟಿಬಿ ಗುಳಿಗಿ ಒಂದೂವರೆ ತಿಂಗ್ಳಾತು ಛೋಟಿ," ಎಂದಳು ಆಪಾ. "ಜ್ವರ ಇಳಿದಿಲ್ಲ. ಮನಿಷಾ ಇಳಿಯಾಕತ್ಯಾನ."

ನಾನು ಕೈಚೀಲವನ್ನು ತೊಡೆಯ ಮೇಲಕ್ಕೆ ಎಳೆದುಕೊಂಡೆ.

"ಕೀವು ಎರಡು ಸಲ ನಿಮ್ಮ ಲ್ಯಾಬಿಗೆ ಕೊಟ್ಟೀವಿ. ಮೊದಲ್ನೇ ಸಲ ಯಾಕ ಏನೂ ಸಿಗಲಿಲ್ಲ?"

ಇದಕ್ಕೆ ಉತ್ತರಿಸಬೇಕಾದರೆ ನಮ್ಮ ಲ್ಯಾಬಿನ ಒಂದು ರೂಢಿಯನ್ನು ಹೇಳಬೇಕು. ನಾಟಿಯ ಹಂಗಾಮಿನಲ್ಲಿ ಜನ ಗದ್ದೆಯಿಂದ ನೇರ ಬರುತ್ತಾರೆ. ಕೈಕಾಲಿಗೆ ಕೆಸರು ಮೆತ್ತಿರುತ್ತದೆ, ಗಾಯವನ್ನು ಒದ್ದೆ ಟವೆಲಿನಲ್ಲಿ ಒರೆಸಿಕೊಂಡಿರುತ್ತಾರೆ. ಹಾಗಾಗಿ ತಟ್ಟೆಯಲ್ಲಿ ಒಣಕಲು, ಸುಕ್ಕುಗಟ್ಟಿದ, ಮಣ್ಣಿನ ವಾಸನೆಯ ಚುಕ್ಕೆ ಎದ್ದರೆ ಅದು ರೋಗವಲ್ಲ, ಮೈಮೇಲಿನ ಕೊಳೆ ಎಂದು ನಾವು ತಿಳಿಯುತ್ತೇವೆ. ರಿಜಿಸ್ಟರಿನಲ್ಲಿ ಕೆಂಪು ಶಾಯಿಯಲ್ಲಿ 'ಕೆ' ಎಂದು ಬರೆಯುತ್ತೇವೆ. ಕೆಸರು. ತಟ್ಟೆ ಕಸಕ್ಕೆ ಹೋಗುತ್ತದೆ, ಡಾಕ್ಟರಿಗೆ 'ಏನೂ ಬೆಳೆದಿಲ್ಲ' ಎಂಬ ವರದಿ ಹೋಗುತ್ತದೆ. ದೂಲಾಭಾಯಿಯ ಮೊದಲ ತಟ್ಟೆ ಹಾಗೆ ಹೋಯಿತು. ಮೂರು ವಾರದ ನಂತರ ಎರಡನೇ ಕೀವಿನಲ್ಲೂ ಅದೇ ಚುಕ್ಕೆ ಎದ್ದಿತು. ಆಸ್ಪತ್ರೆಯ ಹಾಸಿಗೆಯಲ್ಲಿ ಎಲ್ಲಿಯ ಕೆಸರು?

"ಶರಣಪ್ಪ ಸರ್ ಕೆಸರಂತ ತಿಳ್ಕೊಂಡ್ರು," ಎಂದೆ. ಶರಣಪ್ಪ ನಮ್ಮ ಲ್ಯಾಬಿನ ಹಿರಿಯ ಟೆಕ್ನಿಷಿಯನ್, ನನಗೆ ಕೆಲಸ ಕಲಿಸಿದವರು. ಅವರು ಕೆಂಪು ಪೆನ್ನು ತೆರೆದದ್ದು, ಬರೆದದ್ದು, ತಟ್ಟೆಯನ್ನು ಡಬ್ಬಿಗೆ ಹಾಕಿದ್ದು ನನಗೆ ಕಣ್ಣಿಗೆ ಕಟ್ಟಿದಂತಿತ್ತು.

ಆಪಾ ಗಂಜಿ ಡಬ್ಬಿಯ ಮುಚ್ಚಳವನ್ನು ಎರಡು ಸಲ ಬಿಗಿ ಮಾಡಿದಳು.

ಸಿಂಧನೂರು

ಡಾಕ್ಟರು ವಾರ್ಡಿನ ಬಾಗಿಲಲ್ಲೇ ಸಿಕ್ಕರು.

"ನೋಡಮ್ಮ, ನಿಮ್ಮ ಲ್ಯಾಬಿನ ಮಷಿನ್ ಮೊನ್ನೆ ಒಂದು ಹೆಸರು ಕೊಟ್ತು, ನಿನ್ನೆ ಇನ್ನೊಂದು. ಯಾವುದು ಅಂತ ತಿಳ್ಕೊಂಡು ಇಂಜೆಕ್ಷನ್ ಕೊಡ್ಲಿ? ಕಿಡ್ನಿ ಮೊದ್ಲೇ ಸೋತಾವ. ಹೆಸರು ತರ್ರಿ. ಬಂದ ತಾಸಿನ್ಯಾಗ ಔಷಧ ಬದ್ಲಿ ಮಾಡ್ತೀನಿ."

ದೂಲಾಭಾಯಿ ಕಣ್ಣು ತೆರೆದಿದ್ದರು. ಕೆನ್ನೆ ಒಳಗೆ ಹೋಗಿ ಹಲ್ಲು ದೊಡ್ಡವಾಗಿದ್ದವು.

"ಏನ್ಬೇ ಛೋಟಿ, ಇಮಾನ ಹತ್ತಾಕ ಹೊಂಟೀಯಂತ."

"ಹೌದ್ರಿ."

"ನಮ್ಮ ಬಂಡಿ ಮ್ಯಾಲಿನ ರಾಜಾ ಯಾರಂತ ಎಷ್ಟೋ ವರ್ಷ ಯಾರಿಗೂ ತಿಳಿದಿರಲಿಲ್ಲಂತ. ಕಡೀಗೆ ಮಸ್ಕ್ಯಾಗ ಹೆಸರು ಸಿಕ್ತು. ನನ್ನ ಜ್ವರಕ್ಕ ಎಷ್ಟು ದಿನ ತೊಗೊಂತಿ?"

ಮಸ್ಕಿಯ ಗುಡ್ಡದ ಬಂಡೆಯ ಮೇಲಿನ ಶಾಸನದ ಮಾತು ಅದು. ಬೇರೆಡೆ ಬರೀ ಬಿರುದಿನಲ್ಲಿದ್ದ ಅರಸ ಅಶೋಕನೆಂದು ಅಲ್ಲಿ ಬರೆದಿದೆ. ನಮ್ಮ ಶಾಲೆಗಳಲ್ಲಿ ಮಕ್ಕಳು ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಾರೆ.

"ಹತ್ತು ದಿನ," ಎಂದೆ.

"ಹತ್ತು ದಿನ ಇರ್ತೀನಿ ತೊಗೊ. ಹನ್ನೊಂದನೇದ್ದು ನಂಗ ಕೇಳಬ್ಯಾಡ." ಸ್ವಲ್ಪ ಉಸಿರು ತೆಗೆದುಕೊಂಡರು. "ಅಲ್ಲಿನೂ ಭತ್ತ ಬೆಳೀತಾರಂತಲ್ಲ. ಗೇಟು ಯಾರ ಕೈಯಾಗ ಐತಿ, ನೋಡ್ಕೊಂಡು ಬಾ."

ಬ್ಯಾಂಕಾಕ್

ವಿಮಾನ ನಿಲ್ದಾಣದ ಸುಂಕದ ಮೇಜಿನ ಮುಂದೆ ಕೈಚೀಲ ಬಿಚ್ಚಿದೆ. ಕಾಗದದ ಜೊತೆಗೆ ಇರಬೇಕಾದ ಪತ್ರಗಳೆಲ್ಲ ಇದ್ದವು. ಆದರೂ ಕೀವಿನಿಂದ ಬಂದದ್ದು ಎಂದು ಯಾವ ಭಾಷೆಯಲ್ಲಿ ಹೇಳಿದರೆ ಜನ ಹಿಂದೆ ಸರಿಯುವುದಿಲ್ಲ?

ಕೈಗವಸು ತೊಟ್ಟ ಅಧಿಕಾರಿಣಿ ಪತ್ರ ಓದಿದಳು, ಕಾಗದವನ್ನು ಎತ್ತಿ ನೋಡಿದಳು, ಮುದ್ರೆ ಒತ್ತಿದಳು. ಆಗ ಅವಳ ಕೈಗೆ ಚಟ್ನಿಪುಡಿ ಸಿಕ್ಕಿತು. ಮುಚ್ಚಳ ತೆರೆದು ಮೂಗು ಹತ್ತಿರ ಒಯ್ದು, ಮೂರು ಸಲ ಸೀನಿ, ಇನ್ನೊಬ್ಬನನ್ನು ಕರೆದಳು. ಅವನು ಮತ್ತೊಬ್ಬನನ್ನು. ಮೂವರೂ ಡಬ್ಬಿಯ ಸುತ್ತ ನಿಂತರು. ಇದು ಏನು, ಯಾವ ಬೀಜ, ಯಾಕೆ ಕೆಂಪು? ನಾನು ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅದರಿಂದ ಅನುಮಾನ ಹೆಚ್ಚಿತು. ಉಬೋನಿನ ವಿಮಾನಕ್ಕೆ ಕರೆಯುತ್ತಿದ್ದರು. ಡಬ್ಬಿಯನ್ನು ಅಲ್ಲೇ ಬಿಟ್ಟು ಓಡಿದೆ. ಇಬ್ಬರು ಗಟ್ಟಿ ಮನುಷ್ಯರನ್ನು ಮಲಗಿಸಬಲ್ಲ ಜೀವಿಯ ಬರಹ ನನ್ನ ಚೀಲದಲ್ಲಿತ್ತು, ಅಮ್ಮಿಯ ಶೇಂಗಾ ಸುಂಕದವರ ಕೈಯಲ್ಲಿ.

'ಇಬ್ಬರು' ಎಂದು ಈ ಪ್ರಯಾಣವನ್ನು ಬರೆದಿಟ್ಟ ನನ್ನ ನೋಟ್‌ಬುಕ್ಕಿನಲ್ಲಿದೆ. ಆ ದಿನ ಒಬ್ಬರೇ ಮಲಗಿದ್ದದ್ದು. ಆ ಪುಟವನ್ನು ನಾನು ಉಬೋನಿನಲ್ಲಿ, ನನ್ನ ಜ್ವರವನ್ನೂ ನೋಡಿಕೊಳ್ಳಲು ಥರ್ಮಾಮೀಟರ್ ಕೈಗೆ ಬಂದ ಮೇಲೆ ಬರೆದಿರಬೇಕು.

ಉಬೋನ್, ಮೊದಲ ದಿನ

ನಮಗೆ ಕಲಿಸಿದವರ ಹೆಸರು ಪೀ ನೋಯಿ. ಐವತ್ತರ ಹೆಂಗಸು, ತುಂಡುಗೂದಲು, ಜೇಬಿನಲ್ಲಿ ಸದಾ ಒಂದು ಸಣ್ಣ ಟವೆಲು. 'ಪೀ' ಎಂದರೆ ವಯಸ್ಸಿನಲ್ಲಿ ಹಿರಿಯರು. ಅಣ್ಣನಿಗೂ ಅಕ್ಕನಿಗೂ ಅದೇ, ಅಂಗಡಿಯವಳಿಗೂ ಅದೇ. 'ನೋಯಿ' ಎಂದರೆ ಚಿಕ್ಕವಳು. ನನ್ನನ್ನೂ ಮನೆಯಲ್ಲಿ ಹಾಗೇ, ಛೋಟಿ ಎಂದು ಕರೆಯುತ್ತಾರೆ ಎಂದಾಗ ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕರು. ಇಬ್ಬರೂ ಆಡಿದ್ದು ಮುರುಕು ಇಂಗ್ಲಿಷು. ಇಲ್ಲಿ ಅದನ್ನು ನೇರ ಮಾಡಿ ಬರೆಯುತ್ತಿದ್ದೇನೆ, ಅಷ್ಟರ ಮಟ್ಟಿಗೆ ಸುಳ್ಳು.

ಆ ಸೀಮೆಯ ಮಾತು ಬ್ಯಾಂಕಾಕಿನ ಮಾತಿಗಿಂತ ಬೇರೆ. ರಾಜಧಾನಿಗೆ ಹೋಗಿ ಬಾಯಿ ಬಿಟ್ಟರೆ ಟ್ಯಾಕ್ಸಿಯವನೂ ನಗುತ್ತಾನೆ ಎಂದರು. ಬೆಂಗಳೂರಿನ ಹಾಸ್ಟೆಲಿನಲ್ಲಿ ನನ್ನ 'ಹೌದ್ರಿ'ಗೆ ಆದದ್ದನ್ನು ನಾನು ಹೇಳಿದೆ. ಮಧ್ಯಾಹ್ನ ಅವರು ಬಿದಿರಿನ ಪುಟ್ಟ ಬುಟ್ಟಿಯಿಂದ ಅನ್ನವನ್ನು ಉಂಡೆಯಾಗಿ ಚಿವುಟಿ ಕೊಟ್ಟರು. ನಮ್ಮಲ್ಲಿ ಸೋನಾ ಮಸೂರಿ ಉದುರಾಗದಿದ್ದರೆ ಅಡುಗೆ ಕೆಟ್ಟಿತು ಅನ್ನುತ್ತೇವೆ. ಅಲ್ಲಿ ಅಂಟದಿದ್ದರೆ ಅನ್ನವೇ ಅಲ್ಲ.

ಅವರ ಲ್ಯಾಬಿನ ಅರ್ಜಿಯಲ್ಲಿ ರೋಗಿಯ ಹೆಸರಿನ ಕೆಳಗೇ ಒಂದು ಪ್ರಶ್ನೆಯಿತ್ತು. ಪೀ ನೋಯಿ ಅದರ ಮೇಲೆ ಬೆರಳಿಟ್ಟು ಓದಿದರು: "ಕೊನೆಯ ಸಲ ಗದ್ದೆಗೆ ಇಳಿದದ್ದು ಯಾವಾಗ?" ನಾವು ಕಸಕ್ಕೆ ಹಾಕುವುದನ್ನು ಅವರು ಮೊದಲು ಹುಡುಕುತ್ತಿದ್ದರು. ಅಲ್ಲಿಯ ಭತ್ತದ ಜನರಲ್ಲಿ ಮಳೆಗಾಲಕ್ಕೆ ಈ ಮಣ್ಣಿನ ಜ್ವರ ಬರುತ್ತದೆ, ಸಕ್ಕರೆ ಕಾಯಿಲೆಯವರನ್ನು ಹೆಚ್ಚು ಹಿಡಿಯುತ್ತದೆ, ನೋಡಲು ಟಿಬಿಯ ಹಾಗೇ ಇರುತ್ತದೆ ಎಂದರು.

ಕಲಿಸಲು ಇಟ್ಟಿದ್ದ ಒಂದು ತಟ್ಟೆಯನ್ನು, ಮುಚ್ಚಳ ಸರಿಸಿ, ರೂಢಿಯಂತೆ ಮೂಗಿನ ಬಳಿ ಒಯ್ಯಹೋದೆ. ಪೀ ನೋಯಿ ನನ್ನ ಮಣಿಕಟ್ಟಿಗೆ ಹೊಡೆದರು. ನಿಜಕ್ಕೂ ಹೊಡೆದರು.

"ಊರಲ್ಲಿ ಹೀಗೇ ಮಾಡುತ್ತೀಯಾ?"

"ವಾಸನೆಯಿಂದಲೇ ಗುರುತು ಹಿಡಿಯುವುದು."

"ನೀನು ತಂದಿರುವ ಆ ಬ್ಯಾಕ್ಟೀರಿಯಾದ ತಟ್ಟೆಯನ್ನೂ ಮೂಸಿದೆಯಾ?"

ಮೂಸಿದ್ದೆನೇ? ಎರಡನೇ ತಟ್ಟೆಯನ್ನು ತೆರೆದದ್ದು ನೆನಪಿದೆ. ಮಳೆ ಬಿದ್ದ ನೆಲದ ವಾಸನೆ ನೆನಪಿದೆ. ಅದು ಆ ತಟ್ಟೆಯದೋ, ಹನ್ನೊಂದು ವರ್ಷದ ಎಲ್ಲ ತಟ್ಟೆಗಳದೋ ಹೇಳಲಾಗಲಿಲ್ಲ.

ಮಣ್ಣಿನ ಜ್ವರದ್ದಾದರೆ ಮೂಸಿದರೂ ಅಂಟುತ್ತದೆ ಎಂದು ಅವರು ಡ್ರಾಯರಿನಿಂದ ಒಂದು ಥರ್ಮಾಮೀಟರ್ ತೆಗೆದು ನನ್ನ ಜೇಬಿಗೆ ಹಾಕಿದರು. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ತಟ್ಟೆ ತೆರೆದ ದಿನದಿಂದ ಇಪ್ಪತ್ತೊಂದು ದಿನ. ಆಗಲೇ ಒಂಬತ್ತು ಕಳೆದಿದ್ದವು.

ಉಬೋನ್, ನಾಲ್ಕನೇ ದಿನ

ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇರುವ ಒಂದು ಜೀನ್ ಇದೆ. ನಾಲ್ಕೇ ಅಕ್ಷರಗಳಲ್ಲಿ ಬರೆದ ಸುಮಾರು ಒಂದೂವರೆ ಸಾವಿರ ಅಕ್ಷರದ ಸಾಲು. ಅದರ ಕೆಲವು ಭಾಗ ಎಲ್ಲರಲ್ಲೂ ಒಂದೇ, ಕೆಲವು ಭಾಗ ಕುಲದಿಂದ ಕುಲಕ್ಕೆ ಬೇರೆ. ಲಿಂಗಸುಗೂರಿನವರೂ ಸಿಂಧನೂರಿನವರೂ ಆಡುವುದು ಒಂದೇ ಕನ್ನಡವಾದರೂ ಬಸ್ಸಿನಲ್ಲಿ ಎರಡು ಮಾತಾಡಿದರೆ ಯಾವ ಊರೆಂದು ತಿಳಿಯುವುದಿಲ್ಲವೇ, ಹಾಗೆ. ಕಾಗದದಿಂದ ಮೊದಲ ವೃತ್ತವನ್ನು ಕತ್ತರಿಸಿ, ಡಿಎನ್‌ಎ ಬಿಡಿಸಿ, ಆ ಜೀನಿನ ಪ್ರತಿಗಳನ್ನು ಲಕ್ಷಗಟ್ಟಲೆ ಮಾಡಿ ಯಂತ್ರಕ್ಕೆ ಕೊಟ್ಟೆವು.

ಪರದೆಯ ಮೇಲೆ ಬಣ್ಣದ ಗುಡ್ಡಗಳು ಬಂದವು. ಒಂದೊಂದು ಗುಡ್ಡ ಒಂದೊಂದು ಅಕ್ಷರ. ಮೊದಲು ಚೂಪು, ಆಮೇಲೆ ಒಂದರ ಮೇಲೊಂದು ಬಿದ್ದು ಕಲಸಿಹೋದವು. ಅರ್ಧ ಸಾಲು ಮಾತ್ರ ಓದುವಂತಿತ್ತು. ಆ ಅರ್ಧವನ್ನು ಲೋಕದ ಎಲ್ಲ ತಿಳಿದ ಸಾಲುಗಳ ಜೊತೆ ಹೋಲಿಸಿದಾಗ ಎರಡು ಹೆಸರು ಸಮಸಮ ಬಂದವು. ಒಂದು ಬರ್ಖೋಲ್ಡೇರಿಯಾ ಸೂಡೋಮಲೈ, ಮೆಲಿಯಾಯ್ಡೋಸಿಸ್ ತರುವಂಥದ್ದು, ಮಣ್ಣಿನ ಜ್ವರದ ದೊಡ್ಡ ಹೆಸರು. ಇನ್ನೊಂದು ಅದರ ದಾಯಾದಿ, ಅದೇ ಗದ್ದೆಯಲ್ಲಿ ವಾಸ, ಮನುಷ್ಯನಿಗೆ ಬಹುಮಟ್ಟಿಗೆ ನಿರುಪದ್ರವಿ. ಅದು ಬರೀ ಕೆಸರು.

ದಾಯಾದಿಯಾದರೆ ನಮ್ಮ 'ಕೆ' ಸರಿ, ದೂಲಾಭಾಯಿಯ ಜ್ವರ ಬೇರೆ ಯಾವುದೋ.

ಆಗಲೇ ಆಪಾಳ ಫೋನು. "ಉಸಿರು ಜೋರಾಗೈತಿ. ಐಸಿಯುಕ್ಕ ಒಯ್ದಾರ." ಆಮೇಲೆ, "ನಿನ್ನೆ ನಾ ನಿಮ್ಮ ಲ್ಯಾಬಿಗೆ ಹೋಗಿದ್ದೆ. ಆ ಶರಣಪ್ಪಗ ಎಲ್ಲರ ಮುಂದ ಬೈದು ಬಂದೀನಿ. ನಿನ್ನ ಹೆಂಡತಿ ಮಕ್ಕಳ ಕೀವು ಆಗಿದ್ರ ಹಿಂಗ ಕಸಕ್ಕ ಹಾಕ್ತಿದ್ದೇನು ಅಂತ ಕೇಳೀನಿ."

"ಏನಂದ್ರು?"

"ಏನೂ ಅನ್ಲಿಲ್ಲ. ನೆಲ ನೋಡ್ಕೊಂತ ನಿಂತಿದ್ದ."

ಸಂಜೆ ಥರ್ಮಾಮೀಟರ್ ತೊಂಬತ್ತೊಂಬತ್ತು ದಾಟಿತ್ತು. ನಾಲಿಗೆಯ ಕೆಳಗಿಂದ ತೆಗೆದು, ಒರೆಸಿ, ಮತ್ತೆ ಇಟ್ಟುಕೊಂಡೆ. ಬಾಗಿಲು ಬಡಿದ ಹೋಟೆಲಿನವಳಿಗೆ ಬಾಯಲ್ಲಿ ಕಡ್ಡಿ ಇಟ್ಟುಕೊಂಡೇ ಏನೋ ಹೇಳಿದೆ. ಅವಳು ಹೆದರಿ, ಟವೆಲು ಹೊಸ್ತಿಲಲ್ಲಿಟ್ಟು ಹೋದಳು. ಎರಡನೇ ಸಲವೂ ಅಷ್ಟೇ ಬಂತು. ಮೊದಲು ಬಿಸಿ ಸೂಪು ಕುಡಿದಿದ್ದೆ ಎಂದು ಆಮೇಲೆ ಹೊಳೆಯಿತು.

ಉಬೋನ್, ಆರನೇ ದಿನ

ಉಳಿದದ್ದು ಒಂದೇ ವೃತ್ತ. ಆ ಇಬ್ಬರು ದಾಯಾದಿಗಳಲ್ಲಿ ಸ್ಪಷ್ಟವಾಗಿ ಬೇರೆಯಾಗುವ ಇನ್ನೊಂದು ಜೀನನ್ನು ಓದೋಣ ಎಂದರು ಪೀ ನೋಯಿ. ಕತ್ತರಿಯನ್ನು ವೃತ್ತದ ಅಂಚಿಗೆ ಇಟ್ಟು ಹಿಂದಕ್ಕೆ ತೆಗೆದೆ. ಅವರು ಕತ್ತರಿ ಇಸಿದುಕೊಳ್ಳಲಿಲ್ಲ. ನನ್ನ ಮೊಣಕೈಯ ಕೆಳಗೆ ತಮ್ಮ ಅಂಗೈ ಇಟ್ಟು ನಿಂತರು.

ಯಂತ್ರ ಓದುತ್ತಿದ್ದ ಹೊತ್ತು ಅವರು ಕೇಳಿದರು: "ಮೊದಲ ಸಲವೂ ಇದೇ ಬೆಳೆದಿತ್ತು ಅಂದೆಯಲ್ಲ. ಬರಹದಲ್ಲಿದೆಯಾ? ಎರಡು ಸಲ ಬೆಳೆದದ್ದು ಕೊಳೆಯಲ್ಲ ಎಂದು ನಿನ್ನ ಡಾಕ್ಟರಿಗೂ ತೋರಿಸಬಹುದು."

ಶರಣಪ್ಪನವರಿಗೆ ಫೋನು ಮಾಡಿ ರಿಜಿಸ್ಟರಿನ ಆ ಪುಟ ಕೇಳಿದೆ. ಆಪಾಳ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದೆ.

"ಅದು ಇರ್ಲಿ ಬಿಡ್ರಿ ಮೇಡಂ. ಫೋಟೋ ಕಳಿಸ್ತೀನಿ, ನೋಡ್ರಿ."

ಫೋಟೋ ಬಂತು. ದೂಲಾಭಾಯಿಯ ಹೆಸರು, ಮಸ್ಕಿ, ತೊಡೆಯ ಕೀವು, 'ಒಣಕಲು, ಸುಕ್ಕು'. ಪಕ್ಕದಲ್ಲಿ ಕೆಂಪು 'ಕೆ'. ಶರಣಪ್ಪನವರ 'ಕೆ' ಮುದ್ರಣದ ಅಕ್ಷರದ ಹಾಗೆ ದುಂಡಗಿರುತ್ತದೆ. ಇದರ ಏತ್ವ ಬಾಲದ ಹಾಗೆ ಎಡಕ್ಕೆ ಬಾಗಿತ್ತು. ನಾನು ಅವಸರದಲ್ಲಿ ಬರೆಯುವುದು ಹಾಗೆ. ಕೆಳಗೆ ಸಹಿಯೂ ಇತ್ತು. ನನ್ನದು.

ಫೋಟೋವನ್ನು ದೊಡ್ಡದು ಮಾಡಿದೆ, ಸಣ್ಣದು ಮಾಡಿದೆ. ಶರಣಪ್ಪನವರ ಕೈಯಲ್ಲಿನ ಕೆಂಪು ಪೆನ್ನು ಇನ್ನೂ ನನ್ನ ಕಣ್ಣಮುಂದೆ ಹಾಗೇ ಇತ್ತು. ಈಗಲೂ ಇದೆ.

ಮಧ್ಯಾಹ್ನ ಅಕ್ಷರಗಳು ಬಂದವು. ಈ ಸಲ ಗುಡ್ಡಗಳು ಕೊನೆಯವರೆಗೂ ಚೂಪಾಗಿದ್ದವು. ಪೀ ನೋಯಿ ಪರದೆಯ ಮೇಲೆ ಬೆರಳೋಡಿಸುತ್ತ ದಾಯಾದಿಗಿಂತ ಬೇರೆಯಾದ ಕಡೆಗಳನ್ನು ಒಂದೊಂದಾಗಿ ತೋರಿಸಿದರು. ಆಮೇಲೆ ಬೆರಳು ತೆಗೆದರು. ಸೂಡೋಮಲೈ.

ಅವರು ಸಂತೋಷಪಡಲಿಲ್ಲ. "ಫೋನು ಮಾಡು," ಎಂದರು.

ಡಾಕ್ಟರು ಹೆಸರನ್ನು ಅಕ್ಷರ ಬಿಡಿಸಿ ಹೇಳಿಸಿಕೊಂಡರು. ಪೀ ನೋಯಿ ಹೇಳಿದ ಇಂಜೆಕ್ಷನ್ನಿನ ಹೆಸರು, ಕಿಡ್ನಿಗೆ ತಕ್ಕ ಪ್ರಮಾಣ, ಎಷ್ಟು ವಾರ ಎಂಬುದನ್ನೆಲ್ಲ ಬರೆದುಕೊಂಡರು. "ನಮ್ಮ ಕಡೆ ಇದು ಐತೇನಮ್ಮ?" ಎಂದು ಒಮ್ಮೆ ಕೇಳಿದರು. ನಾನು ಉತ್ತರಿಸುವ ಮೊದಲೇ, "ಹಾಂ, ಈಗ ಐತಿ," ಎಂದು ಫೋನಿಟ್ಟರು.

ಉಬೋನ್, ಒಂಬತ್ತನೇ ದಿನ

ಪೀ ನೋಯಿ ನನ್ನನ್ನು ಊರಾಚೆ ಕರೆದೊಯ್ದರು. ಗದ್ದೆಗಳ ಹಸಿರು ನಮ್ಮದೇ. ಮನೆಗಳ ಮುಂದೆ ಬೇಲಿಗೆ ರಬ್ಬರ್ ಬೂಟುಗಳು ತಲೆಕೆಳಗಾಗಿ ನೇತಾಡುತ್ತಿದ್ದವು. ಆರೋಗ್ಯ ಇಲಾಖೆ ಕೊಟ್ಟದ್ದಂತೆ. ಹೊಸದಾಗಿಯೇ ಇದ್ದವು. ಕೆಸರಿನಲ್ಲಿ ಸಿಕ್ಕಿಕೊಳ್ಳುತ್ತವೆ, ಹಾಕುವುದಿಲ್ಲ ಎಂದ ಒಬ್ಬ ರೈತ. ಗೇಟು ಯಾರ ಕೈಯಲ್ಲಿ ಎಂದು ಅವನನ್ನು ಕೇಳಿದೆ. ಪೀ ನೋಯಿ ಅದನ್ನು ಅವರ ಮಾತಿಗೆ ತಿರ್ರನೆ ತಿರುಗಿಸಿದರು. ಅವನು ಆಕಾಶ ತೋರಿಸಿದ.

ಮಸ್ಕಿ, ಮತ್ತೊಮ್ಮೆ

ವಾಪಸು ಬಂದ ಮೇಲೆ ಮಸ್ಕಿಯ ಆ ಬಸ್ಸಿನ ಪುಟವನ್ನು ಬದಲಿಸಿ ಬರೆಯಲು ಹೋದೆ. 'ನಾನೇ ಕೆಸರಂತ ಬರದೀನಿ ಆಪಾ' ಎಂದು ಹಾಕಿದರೆ ಒಳ್ಳೆಯದಾಗಿ ಕಾಣುತ್ತಿತ್ತು. ಆದರೆ ಆ ಬಸ್ಸಿನಲ್ಲಿ ನಾನು ಹಾಗೆ ಹೇಳಲಿಲ್ಲ. ಆದ್ದರಿಂದ ಮೇಲೆ ಇದ್ದಂತೆಯೇ ಬಿಟ್ಟಿದ್ದೇನೆ.

ಸಿಂಧನೂರು

ಹನ್ನೊಂದನೇ ದಿನ ದೂಲಾಭಾಯಿ ಐಸಿಯುವಿನಿಂದ ಹೊರಗಿದ್ದರು. ಜ್ವರ ಇನ್ನೂ ಇತ್ತು, ಇಳಿಯಲು ವಾರದ ಮೇಲೆ ಹಿಡಿಯುತ್ತದೆಂದು ಪೀ ನೋಯಿ ಮೊದಲೇ ಎಚ್ಚರಿಸಿದ್ದರು. ಉಸಿರು ಮಾತ್ರ ಸಮವಾಗಿತ್ತು. ಆಪಾ ತಲೆದೆಸೆಯಲ್ಲಿ ಕೂತಿದ್ದಳು.

"ಗೇಟು ಯಾರ ಕೈಯಾಗ?" ಎಂದರು ದೂಲಾಭಾಯಿ.

"ಮಳಿ ಮ್ಯಾಲ ಬೆಳೀತಾರ್ರಿ. ಗೇಟಿಲ್ಲ."

"ನೀರಗಂಟಿನೂ ಇಲ್ಲ?"

"ನಾ ನೋಡಿದ್ದ ಊರಾಗ ಇಲ್ರಿ."

"ಹಂಗಾದ್ರ ಬೈಯೂದು ಯಾರಿಗೆ?"

ನಾನು ಶರಣಪ್ಪನವರಿಗೂ ಬರಹೇಳಿದ್ದೆ. ಅವರು ಬಾಗಿಲಲ್ಲಿ ನಿಂತಿದ್ದರು, ಕಂಕುಳಲ್ಲಿ ಹಳೆಯ ಪೇಪರು ಸುತ್ತಿದ ರಿಜಿಸ್ಟರು. ಆಪಾ ಮುಖ ತಿರುಗಿಸಿದಳು. ನಾನು ರಿಜಿಸ್ಟರು ತೆಗೆದುಕೊಂಡು ಆ ಪುಟ ಬಿಚ್ಚಿ ಅವಳ ತೊಡೆಯ ಮೇಲಿಟ್ಟೆ.

"ಇದು ನನ್ನ ಅಕ್ಷರ ಆಪಾ. ಅವರದಲ್ಲ."

ಆಪಾ ಓದುವಷ್ಟು ಕಲಿತವಳು. ಬಹಳ ಹೊತ್ತು ನೋಡಿದಳು. ಶರಣಪ್ಪನವರು ಕಿಟಕಿಯ ಕಡೆಗೆ ನೋಡುತ್ತಿದ್ದರು. ಅವಳು ಎದ್ದು ತನ್ನ ಕುರ್ಚಿಯನ್ನು ಅವರತ್ತ ಸರಿಸಿದಳು. "ಕುಂದರ್ರಿ ಅಣ್ಣಾರ," ಎಂದಳು. ನನ್ನತ್ತ ನೋಡಲಿಲ್ಲ.

ದೂಲಾಭಾಯಿ ಕಣ್ಣು ಮುಚ್ಚಿಯೇ ಕೇಳಿದರು. "ಏನಂತ ಬರದಿದ್ದಿ?"

"ಕೆಸರಂತ."

"ಸುಳ್ಳೇನು ಬರದಿಲ್ಲಲ್ಲ. ಕೆಸರಿಂದನ ಬಂದೈತಿ. ಕಸಕ್ಕ ಹಾಕಿದ್ದು ತಪ್ಪು." ರಿಜಿಸ್ಟರಿನತ್ತ ಕೈ ಮಾಡಿದರು. "ಇಂಥಾವು ಎಷ್ಟು ಅದಾವ ಅದರಾಗ?"

ಉಬೋನಿನಿಂದ ಬರುವಾಗ ವಿಮಾನದಲ್ಲಿ ನಾನು ಕೇಳಿಕೊಳ್ಳದೆ ಮುಂದೂಡಿದ ಪ್ರಶ್ನೆ ಅದು. ಪುಟ ತಿರುವಿದೆ. ಕೆಂಪು 'ಕೆ'ಗಳು ಅಲ್ಲಲ್ಲಿ ಕಂಡವು, ಒಂದು ಪುಟಕ್ಕೆ ಒಂದು, ನಾಟಿಯ ತಿಂಗಳುಗಳಲ್ಲಿ ಎರಡು.

"ಓದು. ಹೆಸರು, ಊರು. ಕಾಲುವಿ ಮ್ಯಾಲಿನ ಮಂದಿ ಅಂದ್ರ ನಂಗ ಗೊತ್ತಿರ್ತಾರ."

"ಸತ್ಯವತಿ. ಮೂರನೇ ಮೈಲಿ ಕ್ಯಾಂಪು. ಕಾಲಿನ ಹುಣ್ಣು."

"ಅದಾಳ. ನಂಗ ಜ್ವರ ಬರೂಕಿಂತ ಮೊದ್ಲು ನನ್ನ ಜೋಡಿ ನೀರಿಗೆ ಜಗಳಾಡ್ಯಾಳ. ಆಕೀಗೆ ಫೋನ್ ಮಾಡ್ರಿ. ಮುಂದ?"

ಶರಣಪ್ಪನವರು ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

"ದುರುಗಪ್ಪ. ಕೆಳಗಿನ ತೂಬು. ಕಫ."

ದೂಲಾಭಾಯಿ ಕಣ್ಣು ತೆರೆದರು. ಸಲಾಯಿನ್ ಬಾಟಲಿಯಿಂದ ಹನಿ ಬೀಳುತ್ತಿತ್ತು.

"ಅವ ಹೋದ. ನಾಟಿ ಮುಗಿಯೂದ್ರಾಗ. ಟಿಬಿ ಅಂದಿದ್ರು."

ನನ್ನ ಬೆರಳು ಆ ಸಾಲಿನ ಮೇಲೇ ಇತ್ತು.

"ಮುಂದ ಓದು," ಎಂದರು.

ಮುಂದಿನ 'ಕೆ'ಯ ಏತ್ವವೂ ಎಡಕ್ಕೆ ಬಾಗಿತ್ತು. ಓದಿದೆ.